ದೂರದ ಸೈಕಲ್ ಸವಾರಿಯಲ್ಲಿ ಕುಡಿಯುವ ನೀರು

ದೂರದ ಸೈಕಲ್ ಸವಾರಿಯಲ್ಲಿ ಕುಡಿಯುವ ನೀರನ್ನು ಸವಾರನ ಮೈಮೇಲೆ ಅಥವಾ ಸೈಕಲ್ಲಿನ ಮೇಲೆ ಒಯ್ಯಲಾಗುತ್ತದೆ. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ. ಈ ಭಾರವನ್ನು ಎಲ್ಲಿ ಇರಿಸಲಾಗಿದೆ ಎಂಬುದರ ಮೇಲೆ ಸವಾರಿಯ ಸುಖ ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಅಗತ್ಯ ಪ್ರಮಾಣ

ಸಾಮಾನ್ಯವಾಗಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕಾಗುತ್ತದೆ. ಬಿಸಿಲು, ಏರುದಾರಿ ಮತ್ತು ಸವಾರನ ದೇಹಪ್ರಕೃತಿಗೆ ಅನುಗುಣವಾಗಿ ಇದು ಬದಲಾಗುತ್ತದೆ. ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಹೆಬ್ಬಾಳ, ಯಲಹಂಕ, ದೇವನಹಳ್ಳಿಗಳ ಮೂಲಕ ನಂದಿಬೆಟ್ಟಕ್ಕೆ ಸುಮಾರು 60 ಕಿ.ಮೀ. ದೂರವಿದ್ದು, ವಾರಾಂತ್ಯದ ಸವಾರರಲ್ಲಿ ಈ ದಾರಿ ಜನಪ್ರಿಯವಾಗಿದೆ. ನಗರವು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೆ ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ನಸುಕಿನ ತಂಪಿನಲ್ಲಿ ಹೊರಟವರಿಗೆ ಬಾಯಾರಿಕೆಯ ಅರಿವಾಗುವುದು ಕೊನೆಯ ಕಡಿದಾದ ಏರಿನಲ್ಲಿ. ಮರಳುವ ವೇಳೆಗೆ ಬಿಸಿಲೂ ಏರಿರುತ್ತದೆ. ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣವಿರುವುದು ಹಿಂದೆ ಪೇಟೆಗೆ ನೀರೊದಗಿಸುತ್ತಿದ್ದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಈಗ ಅಲ್ಲಿಂದ ಹೊರಡುವವರು ಮನೆಯಲ್ಲೇ ನೀರು ತುಂಬಿಸಿಕೊಳ್ಳುವುದು ಲೇಸು.

ಸೈಕಲ್ಲಿನ ಚೌಕಟ್ಟಿನಲ್ಲಿ

ಚೌಕಟ್ಟಿನ ಒಳಭಾಗದಲ್ಲಿ ಬಾಟಲಿ ಇರಿಸುವುದು ಅತ್ಯಂತ ಸರಳ ವಿಧಾನ. ಭಾರವು ಎರಡು ಚಕ್ರಗಳ ನಡುವೆ, ತಗ್ಗಿನಲ್ಲಿ ಉಳಿಯುವುದರಿಂದ ಸಮತೋಲನ ಕೆಡುವುದಿಲ್ಲ, ಬೆನ್ನಿಗೂ ಹೊರೆಯಿಲ್ಲ. 64 ಮಿ.ಮೀ. ಅಂತರದ ಎರಡು ತಿರುಪುಗಳಿಂದ ಬಾಟಲ್ ಕೇಜನ್ನು ಚೌಕಟ್ಟಿಗೆ ಬಿಗಿಯಲಾಗುತ್ತದೆ. 750 ಮಿ.ಲೀ.ನ ಎರಡು ಬಾಟಲಿಗಳು ಎರಡು–ಮೂರು ಗಂಟೆಗೆ ಸಾಕು. ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ತಿರುಪಿನ ರಂಧ್ರಗಳಿಲ್ಲದಿದ್ದರೆ ಕ್ಲಾಂಪ್ ಬಳಸಬಹುದು. ಹಿಂದಿನ ಕ್ಯಾರಿಯರಿಗೆ ಕಟ್ಟಿದ ಬಾಟಲಿಯಿಂದ ಕುಡಿಯಲು ಪ್ರತಿಬಾರಿಯೂ ಇಳಿಯಬೇಕಾಗುತ್ತದೆ. ಇಳಿಯುವ ಬೇಸರಕ್ಕೆ ಕುಡಿಯುವುದನ್ನೇ ಮುಂದೂಡುವವರು ಹೆಚ್ಚು. ಹಿಂದಿನ ಕಾಲದ ಸ್ಪರ್ಧಾಳುಗಳು ಹ್ಯಾಂಡಲಿನ ಮುಂದೆ ಎರಡು ಬಾಟಲಿ ಇರಿಸುತ್ತಿದ್ದರು. ಅಲ್ಲಿನ ಭಾರವು ಹ್ಯಾಂಡಲಿನೊಂದಿಗೇ ತಿರುಗುತ್ತದೆ.

ಬೆನ್ನುಚೀಲದಲ್ಲಿ

ಒಂದೂವರೆಯಿಂದ ಮೂರು ಲೀಟರ್ ಹಿಡಿಯುವ ರಬ್ಬರಿನಂತಹ ಮೆತ್ತನೆಯ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಕೊಳವೆಯ ಮೂಲಕ ನೀರು ಹೀರುವುದು ಇನ್ನೊಂದು ವಿಧಾನ. 1988ರಲ್ಲಿ ಅಮೆರಿಕದ ಟೆಕ್ಸಾಸ್‌ನ ಬಿರುಬಿಸಿಲಿನ ಸವಾರಿಯೊಂದರಲ್ಲಿ ಮೈಕೇಲ್ ಐಡ್ಸನ್ ಎಂಬವರು ಆಸ್ಪತ್ರೆಯ ಡ್ರಿಪ್ ಚೀಲವನ್ನು ಕಾಲುಚೀಲದೊಳಗೆ ತೂರಿಸಿ ಬೆನ್ನಿಗೆ ಕಟ್ಟಿಕೊಂಡರು; ಕ್ಯಾಮೆಲ್‌ಬ್ಯಾಕ್ ಹುಟ್ಟಿದ್ದು ಹೀಗೆ. ಹ್ಯಾಂಡಲಿನಿಂದ ಕೈ ತೆಗೆಯಲಾಗದ ಕಚ್ಚಾದಾರಿಗಳಲ್ಲಿ ಇದು ಬಹಳ ಉಪಯುಕ್ತ. ಡಾಂಬರು ರಸ್ತೆಯಲ್ಲಿ ಗಂಟೆಗಟ್ಟಲೆ ಸಾಗುವಾಗ ಮಾತ್ರ ಬೆನ್ನು ಬೆವರುತ್ತದೆ, ಭುಜ ನೋಯುತ್ತದೆ, ಸೀಟಿನ ಒತ್ತಡ ಹೆಚ್ಚುತ್ತದೆ. ಕೊಳವೆಯನ್ನು ತೊಳೆದು ಒಣಗಿಸದಿದ್ದರೆ ಒಳಗೆ ಬೂಸ್ಟು ಬೆಳೆಯುತ್ತದೆ.

ಮರುಭರ್ತಿ ಮತ್ತು ಎಚ್ಚರಿಕೆ

200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಗಳಲ್ಲಿ, 600 ಕಿ.ಮೀ.ಯನ್ನು 40 ಗಂಟೆಗಳಲ್ಲಿ ಮುಗಿಸಬೇಕಾದ ಬ್ರೆವೆ ಸವಾರಿಗಳಲ್ಲಿ ನೀರಿನ ವ್ಯವಸ್ಥೆ ಸವಾರನದೇ. ರಾತ್ರಿ ಅಂಗಡಿಗಳು ಮುಚ್ಚುವ ಮೊದಲೇ ಬಾಟಲಿ ತುಂಬಿಸಿಕೊಳ್ಳಬೇಕು. ಗ್ರಾಮಗಳ ಶುದ್ಧ ಕುಡಿಯುವ ನೀರಿನ ಘಟಕಗಳು ನೆರವಾಗುತ್ತವೆಯಾದರೂ ಅವುಗಳ ನಲ್ಲಿಗಳು ದೊಡ್ಡ ಕ್ಯಾನುಗಳಿಗೆ ಹೊಂದಿಸಿದಂಥವು. ಸಣ್ಣ ಬಾಟಲಿ ಹಿಡಿದರೆ ಹೆಚ್ಚಿನ ನೀರು ನೆಲದ ಪಾಲಾಗುತ್ತದೆ.

ದೀರ್ಘಕಾಲ ಬೆವರುತ್ತ ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಅಂಶ ಇಳಿದು ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು. ಇದು ಪ್ರಾಣಾಪಾಯಕ್ಕೂ ತಿರುಗಬಲ್ಲದು. ಒಂದು ಲೀಟರಿಗೆಂದು ನಮೂದಿಸಿದ ಓಆರ್‌ಎಸ್ ಪೊಟ್ಟಣವನ್ನು 750 ಮಿ.ಲೀ. ಬಾಟಲಿಗೆ ಪೂರ್ತಿ ಸುರಿದರೆ ದ್ರಾವಣ ಅತಿಸಾಂದ್ರವಾಗುತ್ತದೆ. ಮುಕ್ಕಾಲು ಭಾಗವಷ್ಟೇ ಸಾಕು. ಎರಡನೆಯ ಬಾಟಲಿಯಲ್ಲಿ ಬರಿಯ ನೀರಿದ್ದರೆ ಮುಖ ತೊಳೆಯಲು, ಬಿದ್ದು ತರಚಿದ ಗಾಯವನ್ನು ಶುಚಿಗೊಳಿಸಲು ಒದಗುತ್ತದೆ.