ಬಿಲ್ ಕೇಳುವುದೂ ಅಮಾನತ್‌ನ ಭಾಗ
(ಮುಳ್ಳೂರು: ಜುಮಾ ಖುತ್ಬಾದ ಸಾರಾಂಶ)



ಪ್ರವಾದಿವರ್ಯರು(ಸ) ಒಮ್ಮೆ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವ ತಾಗಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಯನ್ನು, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಕೇಳಿದರು. ಮೋಸ ಮಾಡುವವನು ನಮ್ಮವನಲ್ಲ ಎಂದು ಎಚ್ಚರಿಸಿದರು.

ಕಳೆದ ವರ್ಷ ನಾವು ಮಸೀದಿಗೆ ಇನ್ವರ್ಟರ್ ಬ್ಯಾಟರಿ ತಂದೆವು. ತೆರಿಗೆ ಉಳಿಯುತ್ತದೆಂದು ಬಿಲ್ ಬೇಡವೆಂದೆವು. ನಾಲ್ಕೇ ತಿಂಗಳಿಗೆ ಬ್ಯಾಟರಿ ಕೆಟ್ಟಿತು. ಅಂಗಡಿಯವರು, ನಮ್ಮಲ್ಲಿ ತೆಗೆದುಕೊಂಡದ್ದಕ್ಕೆ ಏನು ಗುರುತು ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. ಹೋದದ್ದು ಜಮಾಅತ್‌ನ ಹಣ. ತಪ್ಪಿನಲ್ಲಿ ನಮ್ಮ ಪಾಲೂ ಇತ್ತು.

ಕೊಲ್ಲಿಯಲ್ಲಿ ದುಡಿಯುವ ನಮ್ಮ ಹುಡುಗರು, ‘ಅಲ್ಲಿ ದೂರು ಕೊಟ್ಟರೆ ಸರಕಾರವೇ ವಿಚಾರಿಸುತ್ತದೆ, ಇಲ್ಲಿ ಕೇಳುವವರಿಲ್ಲ’ ಎನ್ನುವುದುಂಟು. ಇದು ಅರ್ಧ ಸತ್ಯ. ಯುಎಇಯಲ್ಲಿ 2020ರ 15ನೇ ಫೆಡರಲ್ ಕಾನೂನು ಗ್ರಾಹಕರನ್ನು ಕಾಯುತ್ತದೆ. ದುಬೈಯಲ್ಲಿ ದೂರು ಆರ್ಥಿಕ ಇಲಾಖೆಗೆ ಹೋಗುತ್ತದೆ. ಇಲಾಖೆಯೇ ಅಂಗಡಿಯವರನ್ನು ವಿಚಾರಿಸಿ, ದಂಡವನ್ನೂ ಹಾಕಬಲ್ಲದು. ಹಿಂದಿನ ಕಾಲದ ಹಿಸ್ಬಾ, ಅಂದರೆ ಸಂತೆಯ ಮೇಲ್ವಿಚಾರಣೆ, ಇದೇ ಬಗೆಯದು.

ನಮ್ಮ ದೇಶದ 1986ರ ಕಾನೂನಿನ ಬದಲಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಇಲ್ಲಿ ಮುಖ್ಯ ದಾರಿ ಆಯೋಗದ್ದು. ಅಲ್ಲಿ ಎರಡೂ ಕಡೆಯ ವಾದ ಕೇಳಿ ತೀರ್ಪು ಕೊಡುತ್ತಾರೆ, ಪರಿಹಾರವನ್ನೂ ಕೊಡಿಸಬಹುದು. ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾನೂನು ಹೇಳಿದರೂ ಎಷ್ಟೋ ಸಲ ತಡವಾಗುತ್ತದೆ. ಕಾನೂನು ಬಲವಾಗಿದೆ, ನಡೆ ನಿಧಾನ.

ಆದರೂ ಬಡವರಿಗೆ ಬಾಗಿಲು ತೆರೆದಿದೆ:

- ಬಿಲ್ ಕೊಡದಿರುವುದೇ ಕಾನೂನಿನಲ್ಲಿ ಅನುಚಿತ ವ್ಯಾಪಾರ.
- ಮೊದಲು 1915ಕ್ಕೆ ಕರೆ ಮಾಡಿ ದೂರು ಹೇಳಬಹುದು.
- ಬೆಂಗಳೂರಿನಲ್ಲಿ ಕೊಂಡಿದ್ದರೂ, ನಾವು ವಾಸವಿರುವ ಚಾಮರಾಜನಗರ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು.
- ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ.
- ದೂರು 2 ವರ್ಷದೊಳಗೆ ಕೊಡಬೇಕು.

ಎರಡೂ ದೇಶಗಳಲ್ಲಿ ಬಿಲ್ ಇದ್ದರೆ ದೂರಿಗೆ ಬಲ.

ನಮ್ಮಲ್ಲಿ ಅಂಗಡಿ ಇಟ್ಟವರೂ ಬಹಳ. ಕೊಳ್ಳೇಗಾಲದ ರೇಷ್ಮೆಯಾಗಲಿ, ಕಿರಾಣಿಯಾಗಲಿ, ಗಿರಾಕಿ ಕೇಳುವ ಮೊದಲೇ ಬಿಲ್ ಕೊಡಿ, ದೋಷವಿದ್ದರೆ ತೋರಿಸಿಯೇ ಮಾರಿ. ಅಳತೆಯಲ್ಲಿ ಕಡಿತ ಮಾಡುವವರನ್ನು ಎಚ್ಚರಿಸಲೆಂದೇ ಕುರ್‌ಆನಿನಲ್ಲಿ ‘ಅಲ್-ಮುತಫ್ಫಿಫೀನ್’ ಎಂಬ ಅಧ್ಯಾಯವಿದೆ. ಆಯೋಗದ ತೀರ್ಪು ತಡವಾಗಬಹುದು. ಅಲ್ಲಾಹನ ಲೆಕ್ಕ ತಪ್ಪುವುದಿಲ್ಲ.

ಮಸೀದಿಯ ಹೊಸ ಬ್ಯಾಟರಿಯ ಬಿಲ್ ಈಗ ಕಚೇರಿಯ ಕಡತದಲ್ಲಿದೆ. ಯಾರು ಬೇಕಾದರೂ ನೋಡಬಹುದು.