ಮೊದಲು ಹುಡುಗನನ್ನು ನೋಡಲಿ, ಆಮೇಲೆ ಸೀಟಿ ಊದಲಿ!

ಅಥಣಿಯ ಚಪ್ಪಲಿ ಕಾರಾಗೀರ ಪಾದದ ಅಳತೆ ತಗೊಳ್ಳದೆ ತೊಗಲಿಗೆ ಕತ್ತಿ ಹಚ್ಚುವುದಿಲ್ಲ. ನಿಪ್ಪಾಣಿಯ ವ್ಯಾಪಾರಿ ತಂಬಾಕು ಮೂಸಿ ನೋಡದೆ ದರ ಹೇಳುವುದಿಲ್ಲ. ಎತ್ತು ಕೊಳ್ಳುವ ರೈತನೂ ಹಲ್ಲು ಎಣಿಸುತ್ತಾನೆ. ಆದರೆ ಮಗನನ್ನು ಕುಸ್ತಿಗೋ, ಕಬಡ್ಡಿಗೋ, ಓಟಕ್ಕೋ ಹಚ್ಚುವಾಗ ಚಿಕ್ಕೋಡಿ, ರಾಯಬಾಗ, ಕಾಗವಾಡ ಕಡೆಯ ಎಷ್ಟೋ ತಂದೆಗಳು ಕೇಳುವುದು ಒಂದೇ ಮಾತು: “ಫೀ ಎಷ್ಟರೀ?”

ಕೇಳಬೇಕಾದ್ದು ಬೇರೆ: “ಕಲಿಸೂಕಿಂತ ಮೊದಲ ಹುಡುಗನ್ನ ಪರೀಕ್ಷಾ ಮಾಡ್ತೀರೇನ್ರೀ?”

ಈ ಪ್ರಶ್ನೆಯ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ. ನಿಪ್ಪಾಣಿಯಲ್ಲಿ ಬಸ್ ಹತ್ತಿದರೆ ಕೊಲ್ಹಾಪುರ ಹತ್ತಿರವೇ ಇದೆ. ಅಲ್ಲಿ ಓದುತ್ತ ಕುಸ್ತಿ ಆಡಿದ ಖಾಶಾಬಾ ಜಾಧವ 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಕೆಮ್ಮಣ್ಣಿನಲ್ಲಿ ಪಳಗಿದ ಪೈಲ್ವಾನನಿಗೆ ಅಲ್ಲಿ ಸಿಕ್ಕಿದ್ದು ಮ್ಯಾಟು! ಅಮೆರಿಕದ ರೀಸ್ ಗಾರ್ಡ್ನರ್ ಅವರಿಗೆ ಮ್ಯಾಟಿನ ಕುಸ್ತಿ ಹೇಳಿಕೊಟ್ಟರು. ಆಗ 6ನೇ ಸ್ಥಾನ. 1952ರ ಹೆಲ್ಸಿಂಕಿಯಲ್ಲಿ ಕಂಚು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ! ಬಲ ಮೊದಲೇ ಇತ್ತು. ಕೊರತೆ ಯಾವುದೋ ಅದನ್ನು ಕಲಿಸುವವರು ಬೇಕಿತ್ತು.

ಏನು ನೋಡಬೇಕು?

ಎತ್ತರ, ತೂಕ, 30 ಮೀಟರ್ ಓಟ, ನಿಂತಲ್ಲಿಂದ ಉದ್ದ ಜಿಗಿತ, ಚೆಂಡು ಎಸೆತ, 800 ಮೀಟರ್ ಓಟ. 1984ರಲ್ಲಿ ಹುಟ್ಟಿದ ಭಾರತೀಯ ಕ್ರೀಡಾ ಪ್ರಾಧಿಕಾರ ಮಕ್ಕಳ ಆಯ್ಕೆಗೆ ಇಂಥ ಪರೀಕ್ಷೆಗಳನ್ನೇ ಬಳಸಿದೆ. ಇದಕ್ಕೆ ಬೇಕಾದ್ದು ಒಂದು ಟೇಪು, ಒಂದು ತೂಕದ ಯಂತ್ರ, ಒಂದು ಸ್ಟಾಪ್‌ವಾಚು, ಒಂದು ಚೆಂಡು, ಒಂದು ವಹಿ. ಜೊತೆಗೆ ನಾಲ್ಕು ಪ್ರಶ್ನೆ: ಹಳೆಯ ಪೆಟ್ಟು ಇದೆಯೆ? ದಮ್ಮು? ಎದೆನೋವು? ಓಡುವಾಗ ತಲೆಸುತ್ತು? ಇದ್ದರೆ ಮೊದಲು ಡಾಕ್ಟರು, ಆಮೇಲೆ ಮೈದಾನ.

ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಒಂದೇ ತರಗತಿಯ ಇಬ್ಬರು ಹುಡುಗರ ಮೈ ಒಂದೇ ಸಮ ಬೆಳೆದಿರುವುದಿಲ್ಲ. ಎಲ್ಲರಿಗೂ ಅಷ್ಟೇ ಬೈಠಕ್, ಅಷ್ಟೇ ಭಾರ ಎಂದರೆ ಮೊಣಕಾಲು, ಹಿಮ್ಮಡಿ ಹಿಡಿಯುತ್ತವೆ. ಮೊಣಕಾಲು ಕೆಟ್ಟರೆ ಆಟವೊಂದೇ ಹೋಗುವುದಿಲ್ಲ, ಮಿಲಿಟರಿ, ಪೊಲೀಸ್ ಭರತಿಯ ಆಸೆಯೂ ಹೋದಂತೆಯೇ.

ಹೀಗೆ ಆರಿಸಿ

ಗೋಡೆಯ ಮೇಲಿನ ಕಪ್ಪು, ಫೋಟೊ ನೋಡಿ ಮರುಳಾಗಬೇಡಿ. 1961ರಲ್ಲಿ ಆರಂಭವಾದ ಪಟಿಯಾಲಾ ಸಂಸ್ಥೆಯ ಡಿಪ್ಲೊಮಾ ಇದ್ದರೆ ಒಳ್ಳೆಯದೇ, ಆದರೆ ಅಷ್ಟಕ್ಕೇ ತೃಪ್ತರಾಗಬೇಡಿ. ಎರಡು ದಿನ ಮೈದಾನದ ಬದಿಗೆ ನಿಂತು ನೋಡಿ. ಸಣಕಲ ಹುಡುಗನಿಗೂ ದಾಂಡಿಗನಿಗೂ ಬೇರೆ ಬೇರೆ ಸಾಮು ಹೇಳುತ್ತಾರೆಯೆ? “ವಹಿ ತೋರಿಸ್ರಿ ಸರ್” ಎಂದು ಕೇಳಿ. ಉದ್ರಿ ವಹಿ ಇಲ್ಲದ ಅಂಗಡಿ ನಡೆದೀತೆ? “ಮೂರೇ ತಿಂಗಳದಾಗ ಮೆಡಲ್ ಗ್ಯಾರಂಟಿ” ಎನ್ನುವವರಿಗೆ ದೂರದಿಂದಲೇ ನಮಸ್ಕಾರ ಹಾಕಿ.

ಮೂರು ತಿಂಗಳಿಗೆ ಅದೇ ಪರೀಕ್ಷೆ ಮತ್ತೆ ಆಗಬೇಕು. ಅಂಕಿ ಸುಧಾರಿಸಿದ್ದರೆ ಸರಿ. ಇಲ್ಲದಿದ್ದರೆ ಸಾಮು ಬದಲಾಗಬೇಕು, ಇಲ್ಲವೆ ಆಟ ಬದಲಾಗಬೇಕು, ಇಲ್ಲವೆ ಗುರು ಬದಲಾಗಬೇಕು. ಹುಡುಗನನ್ನು ಬೈಯುವುದು ಆಮೇಲಿನ ಮಾತು. ಹುಡುಗಿಯರಿಗೂ ಇದೇ ಲೆಕ್ಕ.