ನಿಮಗಿದು ಗೊತ್ತೆ? ಹೂಗಿಡಕ್ಕಾಗಿ ಪಕ್ಕಕ್ಕೆ ಸರಿದ ಕಾಲುಹಾದಿ

ಅಮೆರಿಕದಲ್ಲಿ ಇಂದಿಗೂ ಬಳಕೆಯಲ್ಲಿರುವ ಬೆಟ್ಟದ ಚಾರಣಹಾದಿಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾದದ್ದು ಕ್ರಾಫರ್ಡ್ ಪಾತ್. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯದಲ್ಲಿರುವ ಇದನ್ನು ಏಬಲ್ ಕ್ರಾಫರ್ಡ್ ಮತ್ತು ಅವರ ಮಗ ಈಥನ್ 1819ರಲ್ಲಿ ಕಾಡು ಕಡಿದು ತೆರೆದರು. ಆ ಕಾಡು ರಾಷ್ಟ್ರೀಯ ಅರಣ್ಯವಾದದ್ದು ಸುಮಾರು ನೂರು ವರ್ಷಗಳ ನಂತರ, 1918ರಲ್ಲಿ!

1840ರಲ್ಲಿ ಹಾದಿಯನ್ನು ಕುದುರೆ ಹೋಗುವಂತೆ ಹದಗೊಳಿಸಿದಾಗ, ಎಪ್ಪತ್ತು ದಾಟಿದ್ದ ಏಬಲ್ ಅವರೇ ಮೊದಲ ಸವಾರರಾಗಿ ಮೌಂಟ್ ವಾಷಿಂಗ್ಟನ್ ಶಿಖರ ಮುಟ್ಟಿದರು.

ಈ ಶಿಖರದ ಎತ್ತರ 1,917 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಕಡಿಮೆಯೇ. ಆದರೆ ಇಲ್ಲಿನ ಹವೆಯನ್ನು ಹಗುರವಾಗಿ ಕಾಣುವಂತಿಲ್ಲ. 1934ರ ಏಪ್ರಿಲ್ 12ರಂದು ಶಿಖರದ ವೀಕ್ಷಣಾಲಯದಲ್ಲಿ ಗಾಳಿಯ ವೇಗ ಗಂಟೆಗೆ 372 ಕಿ.ಮೀ. ದಾಖಲಾಗಿತ್ತು. ಹಾದಿಯ ಬಹುಭಾಗ ಮರಗಳು ಬೆಳೆಯದ ಬೋಳು ಏಣಿನ ಮೇಲಿದೆ. ಮಂಜು ಕವಿದರೆ ಸಾಲಾಗಿ ಪೇರಿಸಿಟ್ಟ ಕಲ್ಲುಗುಪ್ಪೆಗಳೇ ದಿಕ್ಕು.

ಆ ಬೋಳುನೆಲದಲ್ಲೇ ರಾಬಿನ್ಸ್ ಸಿಂಕ್‌ಫಾಯಿಲ್ ಎಂಬ ಪುಟ್ಟ ಹಳದಿ ಹೂಗಿಡವಿದೆ. ಗುಲಾಬಿಯ ಕುಟುಂಬಕ್ಕೆ ಸೇರಿದ ಇದು ಸಹಜವಾಗಿ ಬೆಳೆಯುವುದು ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟಗಳಲ್ಲಿ ಮಾತ್ರ. ಹಾದಿ ಅದರ ನೆಲೆಯ ನಡುವೆಯೇ ಹಾಯ್ದಿದ್ದರಿಂದ ಚಾರಣಿಗರ ಬೂಟುಗಳಡಿ ಗಿಡಗಳು ನಲುಗಿದವು. 1980ರಲ್ಲಿ ಅದು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿತು. ಆಗ ಗಿಡಕ್ಕೆ ಬೇಲಿ ಹಾಕಿ ಸುಮ್ಮನಾಗಲಿಲ್ಲ, ಹಾದಿಯನ್ನೇ ಪಕ್ಕಕ್ಕೆ ಸರಿಸಿದರು. ಸಸಿಗಳನ್ನು ಬೆಳೆಸಿ ನೆಟ್ಟರು. ಮೆಚ್ಚಲೇಬೇಕಾದ ಕೆಲಸ.

ಗಿಡಗಳು ಚೇತರಿಸಿಕೊಂಡವು. 2002ರಲ್ಲಿ ಈ ಸಸ್ಯವನ್ನು ಅಳಿವಿನಂಚಿನ ಪಟ್ಟಿಯಿಂದ ಕೈಬಿಡಲಾಯಿತು.